ದಿಯುನಲ್ಲಿ ನೋಡೋಕೆ ಏನಿದೆ?

ಸೋಮನಾಥಕ್ಕೆ ಹೊರಟವರೆಲ್ಲ ನನ್ನನ್ನು ಇದನ್ನೇ ಕೇಳುತ್ತಾರೆ. "ನೀವು ದಿಯುಗೂ ಹೋಗಿದ್ರಲ್ಲ, ಅಲ್ಲಿ ಖುಕ್ರಿ ಸ್ಮಾರಕ ಅಂತ ಇದೆಯಂತೆ. ಸಮಾಧಿ ಇಲ್ಲ, ಮುಳುಗಿದ ಹಡಗೂ ಇಲ್ಲ. ಅಲ್ಲಿ ನೋಡೋಕೆ ಏನಿದೆ?"

ಇರುವುದನ್ನು ಮೊದಲೇ ಹೇಳಿಬಿಡುತ್ತೇನೆ. ಸಮುದ್ರದ ಪಕ್ಕ ಒಂದು ದಿಣ್ಣೆ. ಅದರ ಮೇಲೆ ಗಾಜಿನ ಪೆಟ್ಟಿಗೆ, ಒಳಗೆ 1971ರ ಯುದ್ಧದಲ್ಲಿ ಮುಳುಗಿದ ನಮ್ಮ ನೌಕಾಪಡೆಯ ಐಎನ್ಎಸ್ ಖುಕ್ರಿ ಹಡಗಿನ ಮಾದರಿ. ಹತ್ತು ನಿಮಿಷದಲ್ಲಿ ನೋಡಿ ಮುಗಿಯುತ್ತದೆ. ದಿಯುಗೆ ಬರುವ ಹೆಚ್ಚಿನ ಜನ ಇದಕ್ಕೆ ಬರುವುದೂ ಇಲ್ಲ ಬಿಡಿ. ಸುತ್ತ ಇರುವ ಗುಜರಾತಿನಲ್ಲಿ ಪಾನನಿಷೇಧ, ಕೇಂದ್ರಾಡಳಿತ ಪ್ರದೇಶವಾದ ದಿಯುನಲ್ಲಿ ಇಲ್ಲ. ಶನಿವಾರ ಸೇತುವೆ ಮೇಲೆ ಅಷ್ಟೊಂದು ಕಾರು ಯಾಕೆ ಅಂತ ಮತ್ತೆ ಕೇಳಬೇಡಿ.

ನಾನು ಮಾತ್ರ ಅಲ್ಲಿ ಒಂದು ಗಂಟೆ ನಿಂತಿದ್ದೆ.

1971ರ ಯುದ್ಧ ಶುರುವಾಗಿ ಆರು ದಿನ ಆಗಿತ್ತು. ದಿಯು ಕಡೆಯ ನೀರಿನಲ್ಲಿ ಪಾಕಿಸ್ತಾನದ ಸಬ್‌ಮರೀನ್ ಓಡಾಡುತ್ತಿದೆ ಎಂಬ ಸುಳಿವು ಸಿಕ್ಕಿ, ಅದನ್ನು ಹುಡುಕಿ ಹೊಡೆಯಲು ಖುಕ್ರಿ ಮತ್ತು ಕಿರ್ಪಾನ್ ಹಡಗುಗಳನ್ನು ಕಳಿಸಿದ್ದರು. ಡಿಸೆಂಬರ್ 9ರ ರಾತ್ರಿ, ದಿಯುನಿಂದ ಸುಮಾರು 40 ನಾಟಿಕಲ್ ಮೈಲಿ ದೂರದಲ್ಲಿ, ಹಂಗೋರ್ ಎಂಬ ಆ ಸಬ್‌ಮರೀನೇ ಇವರನ್ನು ಮೊದಲು ಕಂಡಿತು. ಕಿರ್ಪಾನ್‌ಗೆ ಬಿಟ್ಟ ಟಾರ್ಪಿಡೊ ಸಿಡಿಯಲಿಲ್ಲ. ಖುಕ್ರಿಗೆ ಬಿಟ್ಟದ್ದು ಸಿಡಿಯಿತು. ಕೆಲವೇ ನಿಮಿಷಗಳಲ್ಲಿ ಹಡಗು ನೀರೊಳಗೆ ಹೋಯಿತು. 18 ಅಧಿಕಾರಿಗಳು, 176 ನಾವಿಕರು ಹೋದರು. ಬದುಕಿ ಉಳಿದವರನ್ನು ಮಾರನೆಯ ದಿನ ಐಎನ್ಎಸ್ ಕಚ್ಚಲ್ ಎತ್ತಿಕೊಂಡು ಬಂತು.

ಖುಕ್ರಿಯ ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ಅವರ ಕಥೆ ನೀವು ಕೇಳಿರುತ್ತೀರಿ. ತಮ್ಮ ಲೈಫ್ ಜಾಕೆಟ್ಟನ್ನು ಒಬ್ಬ ನಾವಿಕನಿಗೆ ಕೊಟ್ಟು, ಹಡಗಿನ ಜೊತೆಗೇ ಹೋದರು ಅಂತ ಬದುಕಿ ಬಂದವರು ಹೇಳಿದ್ದಾರೆ. ಅವರಿಗೆ ಮರಣೋತ್ತರ ಮಹಾವೀರ ಚಕ್ರ ಬಂತು. ದೊಡ್ಡ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಗಾಜಿನ ಮುಂದೆ ನಿಂತಾಗ ನನಗೆ ಅವರಿಗಿಂತ ಜಾಸ್ತಿ ನೆನಪಾದದ್ದು ಕೆಳಗಿದ್ದವರು. ಅದು ಉಗಿಯಿಂದ ಓಡುವ ಹಡಗು. ಬಾಯ್ಲರು, ಎಂಜಿನ್ನು ಎಲ್ಲ ಹೊಟ್ಟೆಯೊಳಗೆ. ಮಾದರಿಯಲ್ಲಿ ಚಿಮಣಿ ಕಾಣುತ್ತದೆ, ತೋಪು ಕಾಣುತ್ತದೆ, ಹಗ್ಗದಷ್ಟು ತೆಳುವಾದ ಕಂಬಿಗಳೂ ಕಾಣುತ್ತವೆ. ಬಾಯ್ಲರ್ ಹತ್ತಿರ ಪಾಳಿಯಲ್ಲಿದ್ದವನು ಮೇಲೆ ಬರಲು ಹತ್ತಬೇಕಿದ್ದ ಏಣಿ ಕಾಣುವುದಿಲ್ಲ. ಅವನಿಗೆ ಎಷ್ಟು ಸೆಕೆಂಡು ಸಿಕ್ಕಿರಬಹುದು?

ಸಮಾಧಿ ಇಲ್ಲ ಎನ್ನುವವರಿಗೆ ನಮ್ಮ ಕರಾವಳಿಯವರು ಉತ್ತರ ಹೇಳಬಲ್ಲರು. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೋದ ಸುವರ್ಣ ತ್ರಿಭುಜ ಬೋಟು, ಏಳು ಜನ ಮೀನುಗಾರರು. ಯುದ್ಧವೂ ಇಲ್ಲ ಏನೂ ಇಲ್ಲ. ಕಡಲಿಗೆ ಹೋದವರು ಬರಲಿಲ್ಲ. ಬೋಟಿನ ಅವಶೇಷವನ್ನು ನೌಕಾಪಡೆ ನೀರಿನ ಅಡಿಯಲ್ಲಿ ಕಂಡದ್ದು 2019ರ ಮೇ ತಿಂಗಳಲ್ಲಿ. ಹೆಣ ಸಿಗದ ಮನೆಯಲ್ಲಿ ದುಃಖಕ್ಕೆ ಕೂರಲು ಜಾಗ ಇರುವುದಿಲ್ಲ. ಅದಕ್ಕೇ ಅಲ್ವಾ, ದರ್ಭೆಯಲ್ಲಿ ಆಳಿನ ಆಕಾರ ಮಾಡಿ ಅದಕ್ಕೆ ಸಂಸ್ಕಾರ ಮಾಡುವ ಪದ್ಧತಿ ನಮ್ಮಲ್ಲಿರುವುದು. ದಿಯುವಿನ ಗಾಜಿನ ಪೆಟ್ಟಿಗೆಯಲ್ಲಿರುವ ಹಡಗು ನನಗೆ ಅಂಥ ದರ್ಭೆಯ ಗೊಂಬೆಯ ಹಾಗೇ ಕಂಡಿತು. ಅದನ್ನು ಇಡಲು ಮಾತ್ರ 28 ವರ್ಷ ಬೇಕಾಯಿತು. ಸ್ಮಾರಕ ಆದದ್ದು 1999ರ ಡಿಸೆಂಬರ್‌ನಲ್ಲಿ.

ಒಂದು ಗೊಂದಲ ಬಗೆಹರಿಸಬೇಕು. ಈಗ ದಿಯುನಲ್ಲಿ ನಿಜವಾದ ಒಂದು ಯುದ್ಧನೌಕೆಯೂ ಇದೆ, ಅದರ ಹೆಸರೂ ಖುಕ್ರಿ. ಅದನ್ನು ನೋಡಿ "ಮುಳುಗಿದ್ದನ್ನೇ ಎತ್ತಿ ತಂದಿದ್ದಾರೆ" ಎನ್ನುವವರಿದ್ದಾರೆ. ಅಲ್ಲ. ಅದು ಅದೇ ಹೆಸರಿಟ್ಟು ಕಟ್ಟಿದ ಎರಡನೇ ಹಡಗು. 1989ರಲ್ಲಿ ಸೇವೆಗೆ ಬಂದು, 32 ವರ್ಷ ದುಡಿದು, 2021ರ ಡಿಸೆಂಬರ್‌ನಲ್ಲಿ ನಿವೃತ್ತಿಯಾಯಿತು. ಮೊದಲನೆಯದು ಇನ್ನೂ ತಳದಲ್ಲೇ ಇದೆ.

ಹೊಡೆದ ಹಂಗೋರ್ ಕೂಡ ಈಗ ಮ್ಯೂಸಿಯಮ್ಮಿನಲ್ಲಿದೆ, ಕರಾಚಿಯಲ್ಲಿ. ಅಲ್ಲಿನ ಮಕ್ಕಳು ಅದರೊಳಗೆ ಹತ್ತಿ ಇಳಿದು ನೋಡುತ್ತಾರೆ, ಇಲ್ಲಿನ ಮಕ್ಕಳು ಗಾಜಿಗೆ ಮೂಗು ಒತ್ತಿ ನೋಡುತ್ತಾರೆ. ನಡುವೆ ಇರುವುದು ಒಂದೇ ಅರಬ್ಬಿ ಸಮುದ್ರ.

ಸೋಮನಾಥದಿಂದ ಕಾರಿನಲ್ಲಿ ಎರಡು ಗಂಟೆಯ ದಾರಿ. ಬಿಸಿಲಿಳಿದ ಮೇಲೆ ಹೋಗಿ. ಗಾಳಿ ಜೋರು, ಟೋಪಿ ನಿಲ್ಲುವುದಿಲ್ಲ. ಜೇಬಿನಲ್ಲಿ ಒಂದು ಕರ್ಚೀಫ್ ಇರಲಿ. ನಾನು ಹೋದಾಗ ಗಾಜಿನ ಮೇಲೆ ಉಪ್ಪು ಕೂತು ಹಡಗು ಮಸುಕಾಗಿತ್ತು. ಒರೆಸಿಕೊಂಡೇ ನೋಡಿದೆ.