ಒಪ್ಪಿಗೆ ಪತ್ರ ಕೊನೆಯ ಅಟ್ಯಾಚ್‌ಮೆಂಟ್ ಅಲ್ಲ

ಹಳೇ ಹಸ್ತಪ್ರತಿಗಳನ್ನು ಸ್ಕ್ಯಾನ್ ಮಾಡಿ ಉಳಿಸುವ ಕೆಲಸಕ್ಕೆ ಗ್ರ್ಯಾಂಟ್ ಕೇಳುವ ನಮ್ಮ ಅರ್ಜಿಯ ಡೆಡ್‌ಲೈನ್ ರಾತ್ರಿ ಹನ್ನೆರಡಕ್ಕೆ. ಸಂಜೆಯ ಹೊತ್ತಿಗೆ ನರೇಟಿವ್ (ಯೋಜನೆಯ ವಿವರಣೆ) ಲಾಕ್ ಆಗಿತ್ತು, ಬಜೆಟ್ ಶೀಟನ್ನು ಅಕೌಂಟೆಂಟ್ ಓಕೆ ಮಾಡಿದ್ದರು, ಗುರಿ, ಕೆಲಸ, ಫಲಿತಾಂಶಗಳನ್ನು ಜೋಡಿಸಿ ತೋರಿಸುವ ಕೋಷ್ಟಕವಾದ ಲಾಗ್‌ಫ್ರೇಮ್ ಕೂಡ ತಿದ್ದಿಸಿಕೊಂಡು ಬಂದಿತ್ತು. ಬಾಕಿಯಿದ್ದದ್ದು ಹಸ್ತಪ್ರತಿಗಳನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಮನೆತನದ ಒಪ್ಪಿಗೆ ಪತ್ರ ಒಂದೇ. ಸಮೀಕ್ಷೆಯ ಸಮಯದಲ್ಲಿ ಅವರು ಕೊಟ್ಟಿದ್ದ ಪತ್ರ ಫೈಲಿನಲ್ಲಿದ್ದುದರಿಂದ ಯಾರೂ ಚಿಂತಿಸಿರಲಿಲ್ಲ. ಆದರೆ ಫಂಡರ್, ಅಂದರೆ ಹಣ ಕೊಡುವ ಸಂಸ್ಥೆ, ಕೊಟ್ಟ ಫಾರ್ಮ್ಯಾಟ್‌ನಲ್ಲಿ ಒಂದು ಸಾಲು ಹೆಚ್ಚಿಗೆ ಇತ್ತು: ಡಿಜಿಟಲ್ ಪ್ರತಿಗಳನ್ನು ಯಾರು ಬೇಕಾದರೂ ಅಂತರ್ಜಾಲದಲ್ಲಿ ನೋಡಬಹುದು.

ಮನೆಯ ಹಿರಿಯರಿಗೆ ಫೋನ್ ಮಾಡಿ ಆ ಸಾಲನ್ನು ಓದಿದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತೇ ಬರಲಿಲ್ಲ. ಆಮೇಲೆ, "ಎಲ್ಲವನ್ನೂ ಹಾಕ್ತೀರಾ? ಆ ಕಟ್ಟುಗಳಲ್ಲಿ ನಮ್ಮ ಆಸ್ತಿ ಪಾಲಿನ ಜಗಳದ ಕಾಗದಗಳೂ ಇವೆಯಲ್ಲ," ಎಂದು ಕೇಳಿದರು.

ನಮ್ಮ ನಿರ್ದೇಶಕರು, "ಹಳೇ ಪತ್ರವನ್ನೇ ಹಾಕಿಬಿಡಿ, ಗ್ರ್ಯಾಂಟ್ ಬಂದ ಮೇಲೆ ಅವರನ್ನು ಒಪ್ಪಿಸೋಣ," ಎಂದರು. "ಅವರು ನೋಡೋದಕ್ಕೆ ಒಪ್ಪಿದ್ದಾರೆ ಸರ್, ಜಗತ್ತಿಗೆ ತೋರಿಸೋದಕ್ಕಲ್ಲ," ಎಂದೆ. ಆ ಕಟ್ಟುಗಳನ್ನು ಬಿಟ್ಟು ಅರ್ಜಿ ಹಾಕೋಣವೆಂದು ಕೂತೆವು. ಪುಟಗಳು ಕಡಿಮೆಯಾದರೆ ಸ್ಕ್ಯಾನಿಂಗ್ ದಿನಗಳು ಕಡಿಮೆ, ಸಂಬಳ ಕಡಿಮೆ, ಸ್ಟೋರೇಜ್ ಕಡಿಮೆ. ಎ4 ಅಳತೆಯ ಒಂದು ಪುಟವನ್ನು 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕಿ), ಬಣ್ಣದಲ್ಲಿ ಸ್ಕ್ಯಾನ್ ಮಾಡಿದರೆ ಕುಗ್ಗಿಸದ ಟಿಫ್ ಫೈಲು ಸುಮಾರು 26 ಎಂಬಿ; ಒಂದೊಂದು ಕಟ್ಟು ತೆಗೆದಾಗಲೂ ಹಾರ್ಡ್ ಡಿಸ್ಕ್‌ನ ಲೆಕ್ಕ ಬದಲಾಗುತ್ತದೆ. ಒಂದು ಹೆಡ್ (ಖರ್ಚಿನ ಬಾಬತ್ತು) ಸರಿಪಡಿಸಿದರೆ ಇನ್ನೊಂದು ತಾಳೆಯಾಗದೆ ಪೋರ್ಟಲ್ ಕೆಂಪು ತೋರಿಸುತ್ತಿತ್ತು. ನಡುವೆ ಒಂದು ಸಲ ತಾನೇ ಲಾಗ್‌ಔಟ್ ಆಗಿ, ಸೇವ್ ಮಾಡದ ಟೇಬಲ್ಲನ್ನೆಲ್ಲ ಮತ್ತೆ ತುಂಬಬೇಕಾಯಿತು.

ಹನ್ನೊಂದು ದಾಟಿದ ಮೇಲೆ ಅಂಕಿಗಳು ಕೂಡಿಬಂದವು. ಅಷ್ಟರಲ್ಲಿ ಹಿರಿಯರೇ ಫೋನ್ ಮಾಡಿದರು. "ತಮ್ಮಂದಿರಿಗೂ ಹಕ್ಕಿದೆ. ಅವರನ್ನು ಕೇಳದೆ ನಾನು ಸಹಿ ಹಾಕಿದರೆ ತಪ್ಪಾಗುತ್ತೆ." ಅರ್ಜಿ ಡ್ರಾಫ್ಟ್‌ನಲ್ಲೇ ಉಳಿಯಿತು. ಸಬ್ಮಿಟ್ ಒತ್ತಬೇಡಿ ಎಂದು ನಾನೇ ಹೇಳಿದೆ. ಈಗಲೂ ಹಾಗೇ ಹೇಳುತ್ತೇನೆ. ತಿಂಗಳುಗಟ್ಟಲೆ ದುಡಿದ ಕೆಲಸ ಕೈತಪ್ಪಿದ ಸಂಕಟ ಮಾತ್ರ ಇನ್ನೂ ಹೋಗಿಲ್ಲ.

ಈಗ ನಾವು ಅರ್ಜಿಯ ಒಂದಕ್ಷರ ಬರೆಯುವ ಮೊದಲೇ ವಾರಸುದಾರರು ಯಾರು ಯಾರು ಎಂದು ಪಟ್ಟಿ ಮಾಡುತ್ತೇವೆ. ಅರ್ಹತೆಯ ಪ್ರಶ್ನೆಯೂ ಅಲ್ಲೇ ಇತ್ಯರ್ಥವಾಗುತ್ತದೆ: ಅಮೆರಿಕದ ರಾಯಭಾರಿಗಳ ಸಾಂಸ್ಕೃತಿಕ ಸಂರಕ್ಷಣಾ ನಿಧಿಯಂಥ ಕಡೆ ಖಾಸಗಿ ಒಡೆತನದ ವಸ್ತುಗಳಿಗೆ ಹಣವೇ ಸಿಗುವುದಿಲ್ಲ. ಹಾಡು, ಆಚರಣೆ, ಕಸುಬಿನಂಥ ಜೀವಂತ ಪರಂಪರೆಗಳ ಬಗ್ಗೆ ಯುನೆಸ್ಕೋ 2003ರಲ್ಲಿ ಒಡಂಬಡಿಕೆ ಮಾಡಿತು. ಅದಕ್ಕೆ ಪೂರಕವಾಗಿ 2015ರಲ್ಲಿ ಒಪ್ಪಿಕೊಂಡ ನೈತಿಕ ತತ್ವಗಳು, ಸಮುದಾಯದವರು ವಿಷಯ ಪೂರ್ತಿ ತಿಳಿದು, ಒತ್ತಾಯವಿಲ್ಲದೆ, ಮುಂಚಿತವಾಗಿ ಒಪ್ಪಿರಬೇಕು ಎನ್ನುತ್ತವೆ. ಆ ಒಪ್ಪಿಗೆ ಮುಂದೆಯೂ ಉಳಿದುಕೊಂಡು ಬರಬೇಕು ಎಂದೂ ಹೇಳುತ್ತವೆ. ಕಾಗದಪತ್ರಗಳಿಗೂ ಇದೇ ಅಳತೆ ಹಿಡಿಯಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಮನೆಯವರ ಎದುರು ಕೂತಾಗ ನಮ್ಮ ನೆರವಿಗೆ ಬರುವುದು ಬ್ರಿಟಿಷ್ ಲೈಬ್ರರಿಯ ಅಳಿವಿನಂಚಿನ ದಾಖಲೆಗಳ ಕಾರ್ಯಕ್ರಮದ ಉದಾಹರಣೆ. 2004ರಿಂದ ನಡೆಯುತ್ತಿರುವ ಅದರಲ್ಲಿ ಮೂಲ ಪ್ರತಿಗಳು ದೇಶ ಬಿಟ್ಟು ಹೋಗುವಂತಿಲ್ಲ, ಡಿಜಿಟಲ್ ಪ್ರತಿಯ ಒಂದು ಸೆಟ್ ಸ್ಥಳೀಯ ಸಂಸ್ಥೆಯಲ್ಲೂ ಇರಬೇಕು. ವಸ್ತು ತಮ್ಮ ಕೈಬಿಟ್ಟು ಹೋಗುವುದಿಲ್ಲ ಎಂದು ಗೊತ್ತಾದ ಮೇಲೆಯೇ ಜನ ಉಳಿದ ಮಾತಿಗೆ ಕಿವಿಗೊಡುತ್ತಾರೆ. ಎಲ್ಲರೂ ನೋಡಬಹುದಾದ್ದು, ಕೇಳಿ ನೋಡಬೇಕಾದ್ದು, ಮುಚ್ಚಿಯೇ ಇಡಬೇಕಾದ್ದು ಎಂದು ಕಟ್ಟುಗಳನ್ನು ಅವರೇ ಬೇರೆ ಮಾಡುತ್ತಾರೆ. ಬಜೆಟ್ ಶುರುವಾಗುವುದು ಆಮೇಲೆ.

ಇದಕ್ಕೆಲ್ಲ ಸಮಯ ಬೇಕು, ಓಡಾಟ ಬೇಕು. ಕ್ಯಾಮೆರಾಕ್ಕೆ ಹೆಡ್ ಇದೆ, ಸಮಾರೋಪಕ್ಕೆ ಹೆಡ್ ಇದೆ. ಅರ್ಜಿಗೆ ಮೊದಲು ನಾಲ್ಕು ಮನೆಗೆ ಹೋಗಿ ಮಾತಾಡಿ ಬರುವ ಖರ್ಚು ನಾನು ಕಂಡ ಯಾವ ಫಾರ್ಮ್‌ನಲ್ಲೂ ಕೂರುವುದಿಲ್ಲ. ಮುಂದಿನ ಸುತ್ತಿನ ಅರ್ಜಿಯ ಜೊತೆ ಈ ವಿಷಯವನ್ನೇ ಫಂಡರ್‌ಗೆ ಪತ್ರ ಬರೆದು ಕಳಿಸುತ್ತಿದ್ದೇವೆ.