ಕಟಗಿ ಅಳಲಾಕತ್ತದ

ಸ್ಟೋವ್‌ಗೆ ಹಾಕಿದ ಕೊರಡಿನ ತುದಿಯಲ್ಲಿ ನೊರೆ ಉಕ್ಕಿ ಸುಂಯ್ ಅನ್ನತೊಡಗಿತು. "ಅಪ್ಪಾ, ಕಟಗಿ ಅಳಲಾಕತ್ತದ" ಅಂದಳು ಮಗಳು. ಹುಟ್ಟಿ ಬೆಳೆದದ್ದು ಇಂಗ್ಲೆಂಡಿನಲ್ಲಿ. ಈ ಮಾತು ಮಾತ್ರ ಜೇವರ್ಗಿಯಲ್ಲಿ ಅಜ್ಜಿಯ ಒಲೆ ಮುಂದೆ ಕೂತು ಕಲಿತದ್ದು. ಚಾ ಕುಡಿಯಲು ಬಂದಿದ್ದ ಬಾಜೂ ಮನೆ ಮುದುಕನಿಗೆ ಅರ್ಥ ಬಿಡಿಸಿ ಹೇಳಿದೆ. ನಗುತ್ತಾನೆ ಅಂದುಕೊಂಡರೆ, "ದುಡ್ಡು ಕೊಟ್ಟು ನೀರು ಕೊಂಡಿದ್ದೀರಿ" ಅಂದ.

ಕಟ್ಟಿಗೆ ಒಣಗಿಸಿ ಮಾರುವುದೇ ಆತನ ದಂಧೆ. ಸಣ್ಣದೊಂದು ಸ್ವಂತ ಕಾಡಿದೆ. ಒತ್ತಾಗಿ ಬೆಳೆದ ಮರಗಳಲ್ಲಿ ಸೊಟ್ಟಗಿದ್ದದ್ದು, ಸೊರಗಿದ್ದು, ಇನ್ನೊಂದರ ತಲೆಗೆ ತಾಕುವುದನ್ನು ಕಡಿದು ಒಳ್ಳೆಯ ಮರಕ್ಕೆ ಬೆಳಕು ಬಿಡುತ್ತಾನೆ. ನಾವು ಜೋಳದ ಸಾಲಿನಲ್ಲಿ ದಟ್ಟಾದ ಸಸಿ ಕೀಳುವುದಿಲ್ಲವೇ, ಅದೇ ಕೆಲಸ, ಇಲ್ಲಿ ಹದಿನೈದಿಪ್ಪತ್ತು ವರ್ಷ ಕಾದು ಮಾಡುತ್ತಾರೆ. ಕಡಿದದ್ದು ಹತ್ತಿಪ್ಪತ್ತು ಸೆಂಟಿಮೀಟರ್ ದಪ್ಪ. ಸಾಮಿಲ್‌ನವರು ಅದನ್ನು ಕಣ್ಣೆತ್ತಿಯೂ ನೋಡುವುದಿಲ್ಲ, ಹಲಗೆ ಏನು ಬಂದೀತು? ಒಲೆಗೆ ಮಾತ್ರ ಅದೇ ಹದ, ಒಂದೇ ಏಟಿಗೆ ಸೀಳುತ್ತದೆ. ಸ್ವಂತ ಕಾಡಾದರೂ ಪರವಾನಗಿ ಇಲ್ಲದೆ ಮೂರು ತಿಂಗಳಿಗೆ 5 ಘನ ಮೀಟರ್ ಮಾತ್ರ ಕಡಿಯಬಹುದು, ಅದರಲ್ಲೂ ಮಾರಲಿಕ್ಕೆ 2ಕ್ಕಿಂತ ಹೆಚ್ಚಿಲ್ಲ. ಹಾಗಾಗಿ ದಂಧೆ ಮಾಡುವವರು ಪರವಾನಗಿ ತೆಗೆದುಕೊಂಡೇ ಇಳಿಯುತ್ತಾರೆ.

ಕಡಿದ ಮರಕ್ಕೆ ಬೆಲೆ ಬರುವುದು ಒಣಗಿದ ಮೇಲೆ. ಹಸಿ ಓಕ್ ಮರದ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ನೀರು. 1,000 ಕೆ.ಜಿ. ತಂದರೆ ಅದರಲ್ಲಿ 500 ಕೆ.ಜಿ. ಮರ, 500 ಲೀಟರ್ ನೀರು. ಅದನ್ನು ನೂರಕ್ಕೆ 20ರಷ್ಟು ನೀರಿಗೆ ಇಳಿಸಬೇಕಾದರೆ ಉಳಿಯುವ ತೂಕ 625 ಕೆ.ಜಿ. ಅಂದರೆ 375 ಲೀಟರ್ ನೀರು ಗಾಳಿಗೆ ಹೋಗಬೇಕು. ಇಂಗ್ಲೆಂಡಿನಲ್ಲಿ 2021ರ ಮೇ 1ರಿಂದ, 2 ಘನ ಮೀಟರಿಗಿಂತ ಕಡಿಮೆ ಕಟ್ಟಿಗೆ ಮಾರುವುದಾದರೆ ಅದು ಈ 20ರ ಒಳಗೇ ಇರಬೇಕು. ಹೊಗೆ ಕಡಿಮೆ ಮಾಡಲು ತಂದ ಕಾನೂನು. ಅರ್ಧ ನೀರಿರುವ ಒಂದು ಕೆ.ಜಿ. ಕಟ್ಟಿಗೆಯಿಂದ ಸುಮಾರು 2.3 ಯೂನಿಟ್ ಶಾಖ ಬರುತ್ತದೆ, 20ಕ್ಕೆ ಇಳಿದದ್ದರಿಂದ ಸುಮಾರು 4.1. ಹಸಿಯದರಲ್ಲಿ ಉರಿಯುವ ಮರವೇ ಕಡಿಮೆ, ಬಂದ ಶಾಖದಲ್ಲೂ ಒಂದಿಷ್ಟು ನೀರನ್ನು ಆವಿ ಮಾಡುವುದಕ್ಕೆ ಖರ್ಚು, ಮೇಲೆ ಚಿಮಣಿ ತುಂಬ ಡಾಂಬರಿನಂಥ ಮಸಿ.

ಕಡಿಯುವುದು ಚಳಿಗಾಲದಲ್ಲಿ. ಕೆಸರಿನಲ್ಲಿ ಎಳೆದು ತಂದರೆ ತೊಗಟೆಗೆ ಮೆತ್ತಿದ ಮಣ್ಣು ಗರಗಸದ ಚೈನನ್ನು ಐದು ನಿಮಿಷದಲ್ಲಿ ಮೊಂಡು ಮಾಡುತ್ತದೆ, ಅದಕ್ಕೇ ಎತ್ತಿ ಸಾಗಿಸುತ್ತಾನೆ. ಆಶ್ ಮರಗಳಿಗೆ ಶಿಲೀಂಧ್ರ ರೋಗ ತಗುಲಿದ್ದು ಇಲ್ಲಿ 2012ರಲ್ಲಿ ಗೊತ್ತಾಯಿತು. ಅಂಥ ಮರದ ಟೊಂಗೆ ಹಪ್ಪಳದ ಹಾಗೆ ಮುರಿದು ಕಡಿಯುವವನ ತಲೆ ಮೇಲೇ ಬೀಳುತ್ತದೆ. ಆದರೆ ಹಸಿ ಆಶ್‌ನಲ್ಲಿ ನೀರು ಮೂರರಲ್ಲೊಂದು ಪಾಲು ಮಾತ್ರ, ಒಂದು ಬೇಸಿಗೆಗೆ ಒಣಗುತ್ತದೆ. ಓಕ್‌ಗೆ ಎರಡು ಬೇಸಿಗೆ ಬೇಕು. ಬರ್ಚ್ ಮರವನ್ನು ಸೀಳದೆ ದುಂಡಗೆ ಬಿಟ್ಟರೆ ತೊಗಟೆಯೊಳಗೆ ನೀರು ಸಿಕ್ಕಿಬಿದ್ದು ಕೊಳೆಯುತ್ತದೆ.

ನೀರು ಹೆಚ್ಚಾಗಿ ಹೊರಡುವುದು ಕೊಯ್ದ ತುದಿಗಳಿಂದ. ಅದಕ್ಕೇ 25 ಸೆಂ.ಮೀ. ಉದ್ದಕ್ಕೆ ಕೊಯ್ದು, ಹತ್ತು ಹನ್ನೆರಡು ಸೆಂ.ಮೀ. ದಪ್ಪಕ್ಕೆ ಮೊದಲೇ ಸೀಳಿ ಒಣಗಲು ಇಡುತ್ತಾನೆ. ಇಡುವುದು ಸಾವಿರ ಲೀಟರ್ ಟ್ಯಾಂಕಿನ ಹಳೆಯ ಕಬ್ಬಿಣದ ಪಂಜರದಲ್ಲಿ. ಮೇಲೆ ತಗಡು, ನಾಲ್ಕು ಬದಿ ಬಯಲು. ಪಂಜರಗಳ ನಡುವೆ ಗಾಳಿ ಓಡಾಡುವಷ್ಟು ಸಂದು ಬಿಡಬೇಕು. ಪ್ಲಾಸ್ಟಿಕ್ ಹಾಳೆಯಿಂದ ಪೂರ್ತಿ ಸುತ್ತಿದವನ ಕಟ್ಟಿಗೆಗೆ ಬೂಷ್ಟು ಬಂತು ಅಂತಲೇ ಲೆಕ್ಕ. ಪಾಲಿಹೌಸ್‌ನಲ್ಲಿ ಇಟ್ಟರೂ ಎರಡು ತುದಿ ತೆರೆದಿರಬೇಕು, ಇಲ್ಲದಿದ್ದರೆ ಹಗಲು ಆವಿಯಾದದ್ದು ರಾತ್ರಿ ಚಾವಣಿಗೆ ಕಟ್ಟಿ ಮತ್ತೆ ಕಟ್ಟಿಗೆಯ ಮೇಲೇ ಹನಿಯುತ್ತದೆ. ಸೆಪ್ಟೆಂಬರ್ ಮುಗಿಯುವುದರೊಳಗೆ ಮಾಡಿನಡಿ ಸೇರಬೇಕು, ಇಲ್ಲಿನ ಚಳಿಗಾಲದ ಗಾಳಿಯೇ ತೇವ. ಪಂಜರದಿಂದ ಇನ್ನೊಂದು ಲಾಭವಿದೆ. ಸೀಳುವ ಯಂತ್ರದಿಂದ ನೇರ ಅದಕ್ಕೇ ಬೀಳುತ್ತದೆ, ಅದರಲ್ಲೇ ಒಣಗುತ್ತದೆ, ಟ್ರ್ಯಾಕ್ಟರ್ ಎತ್ತಿ ಸಾಗಿಸುತ್ತದೆ. ಪ್ರತಿ ಸಲ ಕೈಯಿಂದ ಎತ್ತಿಟ್ಟಾಗಲೂ ಕೂಲಿ ಏರುತ್ತದೆ, ಐದಾರು ಸಲ ಆದರೆ ಲಾಭವೇ ಉಳಿಯುವುದಿಲ್ಲ ಅನ್ನುತ್ತಾನೆ.

ಅಂದು ನಮ್ಮ ರಾಶಿಯಿಂದ ಒಂದು ತುಂಡು ಎತ್ತಿ ತೇವ ಅಳೆಯುವ ಮೀಟರಿನ ಎರಡು ಮುಳ್ಳು ಹೊರಮೈಗೆ ಚುಚ್ಚಿದ. ನೂರಕ್ಕೆ 17. ಮಾರಿದವ ತೋರಿಸಿದ್ದೂ ಇದೇ. ಕೊಡಲಿಯಿಂದ ಸೀಳಿ ಒಳಮೈಗೆ ಚುಚ್ಚಿದ, 34. ಇಂಥ ಬಹಳಷ್ಟು ಮೀಟರುಗಳು ಒಣ ಮರದ ತೂಕಕ್ಕೆ ಹೋಲಿಸಿ ನೀರು ತೋರಿಸುತ್ತವೆ, ಕಾನೂನು ಕೇಳುವುದು ಒಟ್ಟು ತೂಕದಲ್ಲಿ ನೀರೆಷ್ಟು ಅಂತ. ಮೀಟರಿನ 25 ಅಂದರೆ ಕಾನೂನಿನ 20. ಆ ರಿಯಾಯಿತಿ ಕೊಟ್ಟರೂ ನಮ್ಮದು ಕಾನೂನಿನ ಲೆಕ್ಕದಲ್ಲಿ 25ರ ಮೇಲೇ ಉಳಿಯಿತು.

ನನಗೆ ನೆನಪಾದದ್ದು ನಮ್ಮ ಕಟಗಿ ಅಡ್ಡಾ. ಅಲ್ಲಿ ತಕ್ಕಡಿಯೇ ರಾಜ. ಮುಂಜಾನೆ ಕಡಿದ ಜಾಲಿ ಸಂಜೆಗೆ ಕ್ವಿಂಟಲ್ ಲೆಕ್ಕದಲ್ಲಿ ಹೋಗುತ್ತದೆ. ಅದರಲ್ಲಿ ನೂರಕ್ಕೆ 40 ನೀರಿದ್ದರೆ, 20ಕ್ಕೆ ಒಣಗಿಸಿದಾಗ ಕ್ವಿಂಟಲ್ ಹೋಗಿ 75 ಕೆ.ಜಿ. ಆಗುತ್ತದೆ. ದರ ಅದೇ ಇದ್ದರೆ, ಎರಡು ತಿಂಗಳು ಜಾಗ ಕೊಟ್ಟು ಕಾದವನಿಗೆ ಕಾಲು ಭಾಗ ನಷ್ಟ. ಯಾವ ಮಾರವಾಡಿ ಒಣಗಿಸ್ಯಾನು, ಯಾವ ರೈತ ಒಣಗಿಸ್ಯಾನು? ಇಲ್ಲಿ ಘನ ಮೀಟರ್ ಲೆಕ್ಕ, ಒಣಗಿದರೆ ಗಾತ್ರ ಸ್ವಲ್ಪವೇ ಕುಗ್ಗುತ್ತದೆ. ಇದರಲ್ಲೂ ಮೋಸವಿಲ್ಲದಿಲ್ಲ. ಜೋಡಿಸಿದ ಒಂದು ಘನ ಮೀಟರಿನಲ್ಲಿ ಮೂರರಲ್ಲೆರಡು ಪಾಲು ಮರ, ಸುರಿದ ರಾಶಿಯಲ್ಲಿ ಅರ್ಧಕ್ಕೂ ಕಡಿಮೆ, ಮಿಕ್ಕದ್ದು ಗಾಳಿ. ಗಾಳಿಯಿಂದ ಕಣ್ಣು ಉರಿಯುವುದಿಲ್ಲ ಅನ್ನುವುದೊಂದು ಸಮಾಧಾನ. ನಮ್ಮ 1976ರ ಮರ ಸಂರಕ್ಷಣಾ ಕಾಯ್ದೆ ಕಡಿಯುವವನನ್ನು ಕೇಳುತ್ತದೆ, ಊದುಗೊಳವೆ ಹಿಡಿದು ಕೂತವಳ ಮಾತು ಅದರಲ್ಲಿಲ್ಲ.

"ನಿಮ್ಮೂರಲ್ಲಿ ಒಣಗಲು ಎಷ್ಟು ಕಾಲ?" ಮುದುಕ ಕೇಳಿದ. ಅವ್ವ ಹೋಳಿ ಮುಗಿದ ಮೇಲೆ ಸೀಳಿದ ಜಾಲಿಯನ್ನು ಮಾಳಿಗೆಗೆ ಏರಿಸಿ, ರೋಹಿಣಿ ಮಳೆಗೆ ಮೊದಲು ಇಳಿಸುತ್ತಿದ್ದಳು. ತೊಗರಿಕಟ್ಟಿಗೆಗೆ ಅದೂ ಬೇಡ, ಹೊಲದಲ್ಲಿ ನಿಂತಲ್ಲೇ ಒಣಗಿರುತ್ತದೆ. ಮಾರ್ಚ್‌ನಿಂದ ಮೇ ಅಂದೆ, 42 ಡಿಗ್ರಿ ಬಿಸಿಲು, ಪುಕ್ಕಟೆ. ಓಕ್‌ಗೆ ಎರಡು ಬೇಸಿಗೆ ಕಾಯುವ ಮನುಷ್ಯ ಸ್ವಲ್ಪ ಹೊತ್ತು ಸುಮ್ಮನಿದ್ದ.

"ಮೀಟರ್?"

ಅವ್ವ ಎರಡು ತುಂಡು ಒಂದಕ್ಕೊಂದು ಬಡಿದು ನೋಡುತ್ತಾಳೆ, ಒಣಗಿದ್ದರೆ ಠಣ್ ಅನ್ನುತ್ತದೆ ಅಂದೆ. ಆತ ನಮ್ಮ ರಾಶಿಯಿಂದ ಎರಡು ತೆಗೆದು ಬಡಿದ. ದಬ್ ಅಂತು. ಮಗಳು ನಕ್ಕಳು.