ನವಿಲುಗರಿಯ ನೊಣ

ಇಂದು ಸಂಜೆ ಊಟದ ಮೇಜಿನ ಬಳಿ ಕುಳಿತು ಟ್ರೌಟ್ ಮೀನಿಗೊಂದು ನೊಣ ಕಟ್ಟಿದೆ. ನಿಜವಾದ ನೊಣವಲ್ಲ, ಮೀನನ್ನು ಮರುಳು ಮಾಡಲು ಗಾಳಕ್ಕೆ ಗರಿ ಸುತ್ತಿ ಮಾಡುವ ಹುಸಿ ಹುಳು.

ಇಂಗ್ಲೆಂಡಿನ ಏವನ್ ನದಿಯನ್ನು ನೋಡಿಕೊಳ್ಳುತ್ತಿದ್ದ ಫ್ರಾಂಕ್ ಸಾಯರ್ ಅವರ ಕ್ರಮ. ದಾರವೇ ಇಲ್ಲ. ಫೆಸೆಂಟ್ ಹಕ್ಕಿಯ ಬಾಲದ ಎಳೆಗಳನ್ನು ತೆಳುವಾದ ತಾಮ್ರದ ತಂತಿಯಿಂದಲೇ ಗಾಳಕ್ಕೆ ಸುತ್ತುತ್ತಿದ್ದರು. ಕಟ್ಟೂ ಅದೇ, ಮುಳುಗಲು ಬೇಕಾದ ತೂಕವೂ ಅದೇ. ನೊಣಕ್ಕೆ ಕಾಲುಗಳನ್ನೂ ಇಡಲಿಲ್ಲ. ಜಿಪುಣತನವೆಂದರೆ ಹೀಗಿರಬೇಕು!

ನನ್ನ ಬಳಿ ಇದ್ದದ್ದು ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯ ತಂತಿ, ಷೋಕೇಸಿನಲ್ಲಿದ್ದ ನವಿಲುಗರಿ. ನವಿಲುಗರಿಯ ಎಳೆ ಬಲು ನಾಜೂಕು, ಮೀನಿನ ಹಲ್ಲು ತಾಗಿದರೆ ತುಂಡಾಗುತ್ತದೆ. ಆದ್ದರಿಂದ ಮೊದಲು ತಂತಿಯೊಂದಿಗೆ ಹೊಸೆದು ಆಮೇಲೆ ಸುತ್ತಬೇಕು. ಹೊಸೆದಂತೆಲ್ಲ ಎಳೆಯ ಸಣ್ಣ ರೋಮಗಳು ಸುತ್ತಲೂ ನಿಮಿರಿ ನಿಲ್ಲುತ್ತವೆ. ದೀಪದ ಕೆಳಗೆ ತಿರುಗಿಸಿದರೆ ಒಮ್ಮೆ ಹಸಿರು, ಒಮ್ಮೆ ಕಂಚು.

ದಿನವೂ ಹೂಬತ್ತಿ ಹೊಸೆಯುವ ಅಮ್ಮ ಪಕ್ಕದಲ್ಲಿ ನಿಂತು ನೋಡಿ, "ಬಿಗಿ ಸಾಲದು" ಎಂದರು. ಸರಿಯಾಗಿಯೇ ಹೇಳಿದ್ದರು. ದೇವರ ದೀಪಕ್ಕೂ ಮೀನಿನ ಗಾಳಕ್ಕೂ ಬೇಕಾದ ಬೆರಳು ಒಂದೇ ಇರಬೇಕು.

"ಈ ಮೀನು ನಮ್ಮ ಕೆರೆಯಲ್ಲಿ ಇದೆಯೇನೋ?"

"ಇಲ್ಲಮ್ಮ, ಅದಕ್ಕೆ ತಣ್ಣನೆಯ ನೀರು ಬೇಕು. ನೀಲಗಿರಿಯ ಅವಲಾಂಚಿಯಲ್ಲಿ 1907ರಲ್ಲಿಯೇ ಅದರ ಮರಿ ಸಾಕುವ ಕೇಂದ್ರ ಮಾಡಿದ್ದಾರೆ."

"ಹಾಗಾದರೆ ಊಟಿಗೆ ಯಾವಾಗ ಕರೆದುಕೊಂಡು ಹೋಗುತ್ತೀಯ?"